ಅಕ್ಕನ ಕೆರೆಯ ಹೂವು

ನಮ್ಮ ಅತ್ತೆಗೂ ನನಗೂ ಒಂದು ದಿನವೂ ಹೊಂದಿಕೆಯಾದದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಅವರ ಪರವಾಗಿ ಇಡೀ ಊರಿನ ಜೊತೆ ಜಗಳಕ್ಕೆ ನಿಂತದ್ದನ್ನು ಓದಿ, ಪಾಪ ಎಂಥ ಒಳ್ಳೆ ಸೊಸೆ ಎಂದು ಯಾರೂ ಕಣ್ಣೊರೆಸಿಕೊಳ್ಳುವುದು ಬೇಡ. ನಾನು ಒಳ್ಳೆ ಸೊಸೆಯಲ್ಲ. ಸಾರಿಗೆ ಹುಣಿಸೆ ಜಾಸ್ತಿಯಾಯಿತೆಂದು ಅತ್ತೆ ಮುಖ ಸಿಂಡರಿಸಿದರೆ ಮರುದಿನ ಇನ್ನೊಂದು ಹಿಡಿ ಹುಣಿಸೆ ಕಿವುಚುವವಳು. ಅವರೇನು ಕಡಿಮೆಯೇ? ನನ್ನ ತವರು ಆಂಧ್ರದ ಗಡಿಗೆ ಅಂಟಿದ ಪಾವಗಡ ಸೀಮೆ, ನಿಡುಗಲ್ ಹತ್ತಿರದ ಒಂದು ಹಳ್ಳಿ. ಸಿಟ್ಟು ಬಂದರೆ ನನ್ನ ಬಾಯಲ್ಲಿ ತೆಲುಗು ತಾನಾಗಿ ಬರುತ್ತದೆ. "ಶುರುವಾಯ್ತು ನೋಡು ಆಂಧ್ರ ರೇಡಿಯೋ" ಎಂದು ಅತ್ತೆ ಪಾತ್ರೆ ಕುಕ್ಕುತ್ತಿದ್ದರು. ಹೀಗೆ ಬೈದುಕೊಂಡು, ಬೈಸಿಕೊಂಡು ನಾವಿಬ್ಬರೂ ಆರೋಗ್ಯವಾಗಿಯೇ ಇದ್ದೆವು.

ಮದುವೆಯಾಗಿ ಬಂದ ಊರು ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಗಂಡನಿಗೆ ಎರಡು ಹಸು, ಒಂದಿಷ್ಟು ಹೊಲ. ನಾನು ಮನೆಯ ಜಗಲಿಯಲ್ಲಿ ಮಿಷನ್ ಇಟ್ಟುಕೊಂಡು ಊರ ಹೆಂಗಸರ ರವಿಕೆ ಹೊಲಿಯುತ್ತೇನೆ. ಜಗಲಿಯಿಂದ ನೋಡಿದರೆ ಕೆರೆ ಏರಿ ಕಾಣುತ್ತದೆ. ನನ್ನ ತವರಿನಲ್ಲಿ ಕೆರೆಯೆಂದರೆ ಕುರಿ ಮೇಯುವ ಬಯಲು. ನೀರಿರುವ ಕೆರೆಯನ್ನು ದಿನಾ ಕಣ್ಣಾರೆ ನೋಡಿದ್ದು ಈ ಊರಿಗೆ ಬಂದ ಮೇಲೆಯೇ. ಅದೂ ಎಲ್ಲ ವರ್ಷವಲ್ಲ, ಮಳೆ ಕೈಹಿಡಿದ ವರ್ಷ.

ಈ ಕೆರೆಗೊಬ್ಬಳು ಅಕ್ಕ ಇದ್ದಾಳೆ. ಸಿದ್ದರಬೆಟ್ಟದ ಮಗ್ಗುಲಿಗೆ, ಅತ್ತೆಯ ತವರೂರಿನಲ್ಲಿರುವ ಕೆರೆಯೇ ಆ ಅಕ್ಕ, ನಮ್ಮದು ತಂಗಿ. ಹಾಗೆಂದು ಯಾರು ಹೇಳಿದರೋ ಯಾವಾಗ ಹೇಳಿದರೋ ಗೊತ್ತಿಲ್ಲ, ಎರಡೂ ಊರಿನವರು ನಂಬಿಕೊಂಡು ಬಂದಿದ್ದಾರೆ. ತಂಗಿ ತುಂಬಿ ಕೋಡಿ ಬಿದ್ದ ವರ್ಷ ಅಕ್ಕನ ಮನೆಯಿಂದ ಅವಳಿಗೆ ಮಡಿಲಕ್ಕಿ ಬರಬೇಕು. ಒಂದು ತಾಮ್ರದ ಚೊಂಬಿನಲ್ಲಿ ಅಕ್ಕನ ಕೆರೆಯ ನೀರು, ಅದರೊಳಗೆ ಆ ಕೆರೆಯಲ್ಲೇ ಬೆಳೆದ ಒಂದು ಹೂವು. ಕಿತ್ತ ಹೂವು ನಡೆಯುವುದಿಲ್ಲ. ಬೇರು, ಗೆಡ್ಡೆ ಎಲ್ಲ ಸಮೇತ ಜೀವಂತವಾಗಿರಬೇಕು, ತಂಗಿಯ ಮನೆಯಲ್ಲಿ ಅದು ಬೇರೂರಬೇಕು. ಹಿಂದೆಲ್ಲ ನೈದಿಲೆ ತರುತ್ತಿದ್ದರಂತೆ. ಆ ಕಲಶ ಹೊರುವ ಹಕ್ಕು ಅಕ್ಕನ ಊರಲ್ಲಿ ಹುಟ್ಟಿ ತಂಗಿಯ ಊರಿಗೆ ಸೊಸೆಯಾಗಿ ಬಂದವಳದ್ದು. ನಮ್ಮೂರಲ್ಲಿ ಅಂಥವರು ಉಳಿದಿದ್ದದ್ದು ಅತ್ತೆಯೊಬ್ಬರೇ. ಮಾವ ತೀರಿಕೊಂಡ ಮೇಲೂ ಆ ಹಕ್ಕಿನ ಬಗ್ಗೆ ಯಾರೂ ತಕರಾರು ತೆಗೆದಿರಲಿಲ್ಲ. ಗಂಡ ಹೋದರೆ ಹೆಂಡತಿ ಅನ್ನುವ ಹೆಸರು ಹೋಗಬಹುದು, ಮಗಳು ಅನ್ನುವ ಹೆಸರು ಹೋಗುತ್ತದೆಯೇ?

ಕೊರೊನಾ ಗಲಾಟೆ ತಣ್ಣಗಾದ ಮೇಲೆ ಒಂದು ವರ್ಷ ಮಳೆ ಹಿಡಿದು ಸುರಿಯಿತು. ನಮ್ಮ ಕೆರೆ ಎಷ್ಟೋ ವರ್ಷದ ಮೇಲೆ ಕೋಡಿ ಬಿತ್ತು. ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದರು, ಚೊಂಬನ್ನು ಹುಣಿಸೆಹಣ್ಣು ಹಚ್ಚಿ ಫಳಫಳ ಉಜ್ಜಿದರು. ಇಬ್ಬರೂ ಆಟೋ ಮಾಡಿಕೊಂಡು ಅವರ ತವರಿಗೆ ಹೋದೆವು. ಅಕ್ಕನ ಕೆರೆ ಕಂಡದ್ದೇ ತಡ ಅತ್ತೆ ಆಟೋದಲ್ಲೇ ಎದ್ದು ನಿಲ್ಲಲು ನೋಡಿ ತಲೆ ಬಡಿಸಿಕೊಂಡರು. ಕೆರೆ ಪೂರ್ತಿ ನೇರಳೆ ಬಣ್ಣ. ಕಣ್ಣು ಹಾಯುವವರೆಗೂ ಹೂವೇ ಹೂವು. ಒಂದೊಂದು ಹೂವಿನ ಮೇಲಿನ ಎಸಳಲ್ಲೂ ನವಿಲುಗರಿಯಲ್ಲಿ ಇರುವಂಥದೇ ಕಣ್ಣು.

"ನೋಡೇ, ಗಂಗಮ್ಮ ಎಂಥಾ ಸೀರೆ ಉಟ್ಟವ್ಳೆ!" ಎಂದರು. ತವರಿನವರೂ, "ಈಚೆಗೆ ಬಂದೈತೆ ಕಣಕ್ಕಾ, ಭಾಳ ಚೆಂದಾಗೈತೆ" ಎಂದರು. ನೈದಿಲೆ ಒಂದೂ ಕಾಣಲಿಲ್ಲ. ಯಾಕೆ ಕಾಣಲಿಲ್ಲ ಎಂದು ನಾವ್ಯಾರೂ ಕೇಳಲಿಲ್ಲ. ಅತ್ತೆ ಮೊಣಕಾಲುದ್ದ ನೀರಿಗಿಳಿದು, ಕಾಂಡದಲ್ಲಿ ಗಾಳಿ ತುಂಬಿಕೊಂಡು ಉಬ್ಬಿದ್ದ ಒಂದು ಗಿಡವನ್ನು, ಕಪ್ಪು ಜಡೆಯಂಥ ಬೇರಿನ ಸಮೇತ ಎತ್ತಿ ಚೊಂಬಿಗಿಟ್ಟರು.

ನಮ್ಮೂರಲ್ಲಿ ತಮಟೆ, ಪೂಜೆ, ಎಲ್ಲವೂ ಆಯಿತು. ಅತ್ತೆ ಆ ಹೂವನ್ನು ನೀರಿಗೆ ಬಿಟ್ಟಾಗ ಅದು ಮುಳುಗದೆ ತೇಲುತ್ತ ಹೋಯಿತು. ಊರ ಯಜಮಾನರು, ಗಂಗಮ್ಮನ ಗುಡಿಯ ಉಸ್ತುವಾರಿ ಅವರದ್ದೇ, ಕೈಮುಗಿದು ಫೋನ್ ತೆಗೆದು ಫೋಟೋ ಹೊಡೆದರು. ಅಂದು ಸಂಜೆಗೇ ಅವರ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಆ ಹೂವು, ಕೆಳಗೆ "ತಾಯಿ ಗಂಗಮ್ಮನ ಕೃಪೆ" ಎಂದು ಬರಹ. ಈ ಸ್ಟೇಟಸ್ಸನ್ನು ನೆನಪಿಟ್ಟುಕೊಳ್ಳಿ. ನಾನಂತೂ ನೆನಪಿಟ್ಟುಕೊಂಡಿದ್ದೆ.

ಆಮೇಲೆ ಆದದ್ದು ಕೆರೆ ಇರುವ ಊರಿನವರಿಗೆಲ್ಲ ಗೊತ್ತು. ಆ ಒಂದು ಗಿಡ ಮಗ್ಗುಲಿಗೆ ಮರಿ ಹಾಕಿತು, ಮರಿ ಇನ್ನೊಂದು ಮರಿ ಹಾಕಿತು. ಮೊದಮೊದಲು ತೂಬಿನ ಹತ್ತಿರ ಒಂದು ಚಾಪೆಯಗಲ ಇತ್ತು. ಮುಂದಿನ ಮಳೆಗಾಲಕ್ಕೆ ನೀರೇ ಕಾಣದಂತಾಯಿತು. ಬಲೆ ಬೀಸಿದರೆ ಬಲೆ ಹಸಿರಿನ ಮೇಲೇ ಕೂರುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಸುತ್ತ ಕೊಳೆತ ವಾಸನೆ. ಸೊಳ್ಳೆ ಕಾಟಕ್ಕೆ ಸಂಜೆ ಜಗಲಿಯಲ್ಲಿ ಮಿಷನ್ ತುಳಿಯಲಾಗುತ್ತಿರಲಿಲ್ಲ. ಅದರ ಹೆಸರು ಅಂತರಗಂಗೆ, ಸಮುದ್ರದಾಚೆಯ ಅಮೆರಿಕದ ಕಡೆಯಿಂದ ಬಂದ ಗಿಡ, ಯಾರೋ ಚೆಂದಕ್ಕೆಂದು ತಂದು ಹರಡಿದ್ದು ಎಂದು ಆಗ ತಿಳಿಯಿತು. ಹೆಸರಿನಲ್ಲೂ ಗಂಗೆ! ಯಾರಿಗೆ ಅನುಮಾನ ಬಂದೀತು ಹೇಳಿ.

ಪಂಚಾಯಿತಿಯವರು ಜೆಸಿಬಿ ತರಿಸಿ ಒಮ್ಮೆ ಎತ್ತಿಸಿದರು. ಎತ್ತಿದ್ದನ್ನೆಲ್ಲ ಏರಿಯ ಇಳಿಜಾರಿನಲ್ಲೇ ಗುಡ್ಡೆ ಹಾಕಿ ಹೋದರು. ಮೊದಲ ಜೋರು ಮಳೆಗೆ ಇಡೀ ಗುಡ್ಡೆ ಸಲೀಸಾಗಿ ಜಾರಿ ನೀರಿಗೆ ಹೋಗಿ ಕುಳಿತಿತು. ಆಗ ಊರಿಗೆ ಸಿಟ್ಟು ಬಂತು. ಜೆಸಿಬಿ ಮೇಲೆ ಸಿಟ್ಟು ಮಾಡಿಕೊಳ್ಳಲಾಗುತ್ತದೆಯೇ? ಅತ್ತೆ ಇದ್ದರಲ್ಲ.

ಊರನ್ನೆಲ್ಲ ಗಂಗಮ್ಮನ ಗುಡಿ ಮುಂದೆ ಸೇರಿಸಿದರು. ಯಜಮಾನರು ಗಂಟಲು ಸರಿಮಾಡಿಕೊಂಡು, "ಯಾರ್ನೂ ದೂರೋಕೆ ಹೇಳ್ತಿಲ್ಲ. ಆದ್ರೆ ಆಯಮ್ಮನ ಕೈಗುಣ ಸರಿಯಿಲ್ಲ. ಆಯಮ್ಮ ಕಲಶ ಹೊತ್ತ ಮ್ಯಾಲೇ ತಾನೆ ಕೆರೆ ಇಂಗಾಗಿದ್ದು? ಚೊಂಬು ಗುಡೀಗೆ ಕೊಟ್ಬುಡ್ಲಿ. ಇನ್ಮ್ಯಾಲೆ ನಮ್ ಸೊಸೆ ಹೊರ್ತಾಳೆ" ಎಂದರು. ಅವರ ಸೊಸೆ ಹುಟ್ಟಿದ್ದು ದಾವಣಗೆರೆಯಲ್ಲಿ. ಹೂವಿಗೆ ಕೈಮುಗಿದವರೆಲ್ಲ ಅಲ್ಲೇ ಇದ್ದರು, ಕೈ ಕಟ್ಟಿಕೊಂಡು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದು ಎಳೆದುಕೊಂಡು ಮನೆಗೆ ಬಂದರು. ಚೊಂಬನ್ನು ಹುಣಿಸೆ ಹಚ್ಚಿ ಉಜ್ಜಿ, ತೊಳೆದು, ಸೆರಗಿನಲ್ಲಿ ಒರೆಸಿ, ತಾವೇ ಹೋಗಿ ಗುಡಿಯ ಕಟ್ಟೆಯ ಮೇಲಿಟ್ಟು ಬಂದರು. ಬಂದವರು ಬಾಗಿಲ ಬಳಿ ಕುಳಿತು, "ಸಾಯೋದ್ರೊಳ್ಗೆ ಇನ್ನೊಂದ್ ಸಲ ಹೊರ್ಬೇಕೂಂತ ಇತ್ತು ಕಣೇ" ಎಂದರು. ಅಷ್ಟೇ. ಅದಾದ ಮೇಲೆ ಬಾಯಿಗೆ ಬೀಗ.

ನನಗೆ ತಡೆಯಲಾಗದೆ ಹೋದದ್ದು ಆ ಬೀಗ. ಹುಣಿಸೆ ಸುರಿದು ಸಾರು ಮಾಡಿದೆ, ಸದ್ದಿಲ್ಲದೆ ಉಂಡರು. ತೆಲುಗಿನಲ್ಲಿ ಹಸುವನ್ನು ಬೈದೆ, ಪಾತ್ರೆ ಕುಕ್ಕಲಿಲ್ಲ. ಟೀವಿ ಜೋರಾಗಿ ಹಾಕಿದೆ, ಎದ್ದು ಒಳಗೆ ಹೋದರು. ಮನೆಯಲ್ಲಿ ಜಗಳ ಆಡುವವರಿಲ್ಲದೆ ನನಗೆ ಊಟ ಸೇರದಂತಾಯಿತು. ನನ್ನ ಅತ್ತೆಯನ್ನು ಬೈಯುವ ಹಕ್ಕು ನನ್ನದು, ಸ್ವಾಮಿ. ಅದನ್ನು ಊರಿಗೆ ಯಾರು ಕೊಟ್ಟರು?

ಎಲ್ಲಿಗಾದರೂ ಕರೆದುಕೊಂಡು ಹೋಗು, ಮನಸ್ಸು ಬದಲಾಗಲಿ ಎಂದ ಗಂಡ. ಕೊರಟಗೆರೆಯಿಂದ ರಾಮೇಶ್ವರಕ್ಕೆ ಯಾತ್ರೆ ಬಸ್ಸು ಹೊರಡುವುದಿತ್ತು. ಹಸುಗಳನ್ನು ಅವನಿಗೆ ಬಿಟ್ಟು ಅತ್ತೆಯನ್ನು ಹತ್ತಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಕಿಟಕಿ ನೋಡುತ್ತ ಕುಳಿತಿದ್ದರು. ಅಲ್ಲಿ ದೇವರಾಯಿತು, ತೀರ್ಥದ ಬಾವಿಗಳ ಸ್ನಾನವಾಯಿತು, ಅತ್ತೆಯ ಮುಖ ಮಾತ್ರ ಹಾಗೇ ಇತ್ತು.

ಹೊರಡುವ ದಿನ ಬೆಳಿಗ್ಗೆ ಬಸ್ಸನ್ನು ಊರಾಚೆ ಸಮುದ್ರದ ದಡದಲ್ಲಿ ತಿಂಡಿಗೆ ನಿಲ್ಲಿಸಿದರು. ಅಲ್ಲಿ ಹೆಂಗಸರು ಸೀರೆ ಮೇಲೆ ಗಂಡಸರ ಅಂಗಿ ತೊಟ್ಟು, ತಲೆಗೆ ಬಟ್ಟೆ ಬಿಗಿದು, ಸೊಂಟದುದ್ದ ನೀರಿನಲ್ಲಿ ನಿಂತು ಹಗ್ಗ ಎಳೆಯುತ್ತಿದ್ದರು. ಹಗ್ಗದ ತುಂಬ ದಪ್ಪದಪ್ಪ ಕಂದು ಬಣ್ಣದ ಪಾಚಿ, ಗೊಂಚಲು ಗೊಂಚಲಾಗಿ. ಹಗ್ಗ ಮುಳುಗದಿರಲೆಂದು ಅಲ್ಲಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ ಕಟ್ಟಿದ್ದರು. ದಡದಲ್ಲಿ ಒಬ್ಬ ಮುದುಕಿ ಪಾಚಿಯನ್ನು ಒಣಗಲು ಹರವುತ್ತಿದ್ದಳು. ಅತ್ತೆ ಇಡ್ಲಿ ತಟ್ಟೆ ಹಿಡಿದುಕೊಂಡೇ ಆಕೆಯ ಹತ್ತಿರ ಹೋಗಿ ನಿಂತರು. ನಮ್ಮ ಡ್ರೈವರ್ ಹೊಸೂರು ಕಡೆಯವನು, ತಮಿಳು ಕನ್ನಡ ಎರಡೂ ಬರುತ್ತಿತ್ತು. ಅವನನ್ನು ಕರೆದೆ.

"ಇದೇನಂತೆ ಕೇಳಪ್ಪಾ" ಎಂದರು ಅತ್ತೆ. ಎಷ್ಟೋ ದಿನಕ್ಕೆ ಅವರು ತಾವಾಗಿ ಕೇಳಿದ ಮೊದಲ ಪ್ರಶ್ನೆ.

ಮುದುಕಿ ಕೈಯಾಡಿಸುತ್ತಲೇ ಹೇಳಿದಳು, ಡ್ರೈವರ್ ಕನ್ನಡದಲ್ಲಿ ಹೇಳಿದ. ಇದು ಈ ಕಡಲಿನದಲ್ಲ, ಬೇರೆ ದೇಶದ ಕಡಲಿನ ಪಾಚಿ. ಚೂರು ಚೂರು ಮಾಡಿ ಹಗ್ಗಕ್ಕೆ ಕಟ್ಟಿದರೆ ಬೇಗ ಬೆಳೆಯುತ್ತದೆ, ಐಸ್‌ಕ್ರೀಮಿಗೆ ಅದಕ್ಕೆ ಇದಕ್ಕೆ ಹಾಕುತ್ತಾರೆ, ಕೊಳ್ಳುವವರಿದ್ದಾರೆ. ನಮಗೆ ಅನ್ನ ಇದರಿಂದಲೇ. ಆದರೆ ಅಲೆಗೆ ಮುರಿದ ಚೂರು ಹಗ್ಗದಲ್ಲೇ ಇರುತ್ತದೆಯೇ? ತೇಲಿಕೊಂಡು ಹೋಗಿ ಆಚೆ ದ್ವೀಪದ ಹತ್ತಿರ ಹವಳದ ಮೇಲೆ ಹೊದಿಕೆ ಹಾಕಿಕೊಂಡು ಕೂತಿದೆ. ಆ ಹವಳ ಬರೀ ಕಲ್ಲಲ್ಲ, ಜೀವ ಇರುವಂಥದ್ದು. ಇದು ಮೇಲೆ ಕೂತರೆ ಕೆಳಗೆ ಅದು ಸಾಯುತ್ತದೆ. ಕೀಳಲು ಹೋದರೆ ಮತ್ತೆ ಚೂರಾಗುತ್ತದೆ, ಆ ಚೂರು ಇನ್ನೊಂದು ಕಡೆ ಬೆಳೆಯುತ್ತದೆ.

ಅತ್ತೆಯ ಕೈಯಲ್ಲಿದ್ದ ಇಡ್ಲಿ ಹಾಗೇ ಇತ್ತು. "ಇದನ್ನ ತಂದೋರ್ ಯಾರಂತೆ?"

"ಓದ್ದೋರು, ದೊಡ್ಡೋರು ತಂದ್ರಂತೆ ಅಮ್ಮಾ."

"ಅವ್ರಿಗೇನ್ ಮಾಡುದ್ರಂತೆ?"

ಡ್ರೈವರ್ ಕೇಳಿದ. ಮುದುಕಿ ಸೊಂಟ ನೆಟ್ಟಗೆ ಮಾಡಿಕೊಂಡು ಅತ್ತೆಯ ಮುಖ ನೋಡಿದಳು. ಆಮೇಲೆ ಬೊಚ್ಚುಬಾಯಿ ತೆರೆದು ನಕ್ಕಳು. ಎಂಥ ನಗು ಅದು! ಅದನ್ನು ಕನ್ನಡಕ್ಕೆ ಹೇಳಬೇಕಾಗಿರಲಿಲ್ಲ.

ಬಸ್ಸು ಮಧುರೆ ದಾಟಿದ ಮೇಲೆ ಅತ್ತೆ ಶುರುಮಾಡಿದರು ನೋಡಿ. "ಸಮುದ್ರಕ್ಕೆ ಸಮುದ್ರನೇ ಕೆಡಿಸ್ದೋರಿಗೆ ಯಾರೂ ಒಂದ್ ಮಾತು ಕೇಳ್ಲಿಲ್ಲ. ನಾನು ಮಡಿಲಕ್ಕಿ ತಂದ್ರೆ ಕೈಗುಣ ಸರಿಯಿಲ್ವಾ? ನನ್ ಚೊಂಬು ಕಿತ್ಕೊಂತಾರಾ? ಲೇ, ನೀನ್ ಯಾಕೆ ಅವತ್ತು ಸುಮ್ಕೆ ನಿಂತಿದ್ದೆ? ಮನೇಲಿ ಮಾತ್ರಾನಾ ನಿನ್ ಬಾಯಿ?" ನನ್ನ ಕೈ ಎಳೆದುಕೊಂಡು ಬಂದವರು ಅವರೇ ಎಂದು ಹೇಳಲು ಹೋದೆ. ಕೇಳಿದರಲ್ಲವೇ? ಸೇಲಂವರೆಗೂ ಬೈಸಿಕೊಂಡೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅತ್ತೆಗೆ ಕಿತ್ತಲೆ ಸುಲಿದು ಕೊಟ್ಟೆ.

ಊರಿಗೆ ಬಂದ ಮರುದಿನವೇ ಅತ್ತೆ ಗುಡಿಗೆ ಹೋದರು. ಯಜಮಾನರು ನಾಲ್ಕು ಜನರ ಜೊತೆ ಕಟ್ಟೆ ಮೇಲೆ ಕುಳಿತಿದ್ದರು. "ತಂದೋಳು ನಾನು, ನಾನೇ ತೆಗೀತೀನಿ. ಕೆರೆ ಚೊಕ್ಕ ಆಗಿ ಕೋಡಿ ಬಿದ್ರೆ ನನ್ ಚೊಂಬು ನಂಗೆ ಕೊಡ್ಬೇಕು" ಎಂದರು ಅತ್ತೆ.

ಯಜಮಾನರು ಮೀಸೆಯಡಿ ನಕ್ಕರು. "ಜೆಸಿಬಿ ಕೈಲೇ ಆಗ್ದಿದ್ದು. ಆಯ್ತು ತೆಗೀಯಮ್ಮ. ತೆಗೆದ್ರೆ ಚೊಂಬೇನು, ಮೆರವಣಿಗೇನೇ ಮಾಡಾನ."

"ಮೆರವಣಿಗೆ ನೀವೇ ಮಡೀಕಳಿ, ಚೊಂಬು ಕೊಡಿ ಸಾಕು" ಎಂದೆ ನಾನು. ಈ ಸಲ ಅತ್ತೆ ಕೈ ಹಿಡಿದು ಎಳೆಯಲಿಲ್ಲ.

ಹಗ್ಗದ ಉಪಾಯ ಅತ್ತೆಯದು. ಕಡಲಿನವರು ಹಗ್ಗ ಕಟ್ಟಿ ಬೆಳೆಯುವುದಾದರೆ ನಾವು ಹಗ್ಗ ಕಟ್ಟಿ ಎಳೆಯೋಣ ಎಂದರು. ನಾನು ಸಿರಾಕ್ಕೆ ಹೋದೆ. ಸಂತೆಬೀದಿಯ ಹಗ್ಗದಂಗಡಿಯ ಸಾಹೇಬರು ನೈಲಾನ್ ಹಗ್ಗ ಅಳೆಯುತ್ತ, "ಕ್ಯಾ ಅಮ್ಮಾ, ಇಷ್ಟುದ್ದ ಹಗ್ಗ! ಏನ್ ಹಿಡೀತೀರಾ, ಮೀನಾ?" ಎಂದು ಕೇಳಿದರು. ಹೂವು ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ಹಗ್ಗ ಸುತ್ತಿಕೊಟ್ಟರು. ಅಲ್ಲೇ ಈರುಳ್ಳಿ ಮಂಡಿಯಲ್ಲಿ ಬಲೆಚೀಲಗಳ ಕಟ್ಟು ತಂದೆ. ಅವನ್ನು ಬಿಚ್ಚಿ ಒಂದಕ್ಕೊಂದು ಸೇರಿಸಿ ಹೊಲಿದು, ಉದ್ದಕ್ಕೆ ಹಗ್ಗಕ್ಕೆ ಜೋಡಿಸಿ, ಮೇಲೆ ಖಾಲಿ ಎಣ್ಣೆ ಕ್ಯಾನು ಕಟ್ಟಿದೆ. ಹಗ್ಗದ ಒಂದು ತುದಿ ಈ ದಡದಲ್ಲಿ, ಇನ್ನೊಂದು ಆ ದಡದಲ್ಲಿ. ಎರಡೂ ಕಡೆಯಿಂದ ಎಳೆದರೆ ನಡುವಿನ ಗಿಡವೆಲ್ಲ ಗುಂಪಾಗಿ ದಡಕ್ಕೆ ಬರಬೇಕು, ಮುರಿದ ಚೂರು ಬಲೆಯಲ್ಲಿ ನಿಲ್ಲಬೇಕು.

ಉಪಾಯವೇನೋ ಸರಿ, ಎಳೆಯುವವರು? ಮೊದಲ ದಿನ ಅತ್ತೆ ಒಂದು ದಡ, ನಾನು ಒಂದು ದಡ. ಹಗ್ಗ ಅಲ್ಲಾಡಲಿಲ್ಲ. ಏರಿ ಮೇಲೆ ನಿಂತವರು ಹಲ್ಲು ಕಿಸಿದರು. ಕೆರೆಯಲ್ಲಿ ಬಟ್ಟೆ ಒಗೆದೇ ಬದುಕುವ ಒಬ್ಬಾಕೆ ಇದ್ದಳು, ಅವಳು ನೋಡುವಷ್ಟು ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ಅತ್ತೆಯ ಹಿಂದೆ ಹಗ್ಗ ಹಿಡಿದಳು. ಉಳಿದವರನ್ನು ಕರೆಯಲು ನಾನು ನನ್ನದೇ ದಾರಿ ಹಿಡಿದೆ. ಗೌರಿಹಬ್ಬ ಹತ್ತಿರವಿತ್ತು. ಅರ್ಧ ಊರಿನ ರವಿಕೆ ಬಟ್ಟೆ ನನ್ನ ಜಗಲಿಯಲ್ಲಿ. "ಕೆರೆಗೆ ಬರ್ದೋರ ರವಿಕೆ ಹಬ್ಬದ ಮಾರನೇ ದಿನ ಕೊಡ್ತೀನಿ" ಎಂದೆ. ಎಂಥ ಬೈಗುಳ ತಿಂದೆ ಅಂತೀರಿ! ಯಜಮಾನರ ಸೊಸೆಯೇ, ದಾವಣಗೆರೆಯಾಕೆ, ಎಲ್ಲರಿಗಿಂತ ಮುಂಚೆ ಬಂದಳು. ಅವಳದ್ದು ಬಾರ್ಡರ್ ಇಟ್ಟು ಹೊಲಿಯುವ ರವಿಕೆ.

ಎಳೆದು ತಂದದ್ದನ್ನು ಏರಿ ಮೇಲೆ ಹಾಕಲು ಅತ್ತೆ ಬಿಡಲಿಲ್ಲ. ಊರಾಚೆ ಕಡಲೆಕಾಯಿ ಒಣಗಿಸುವ ದೊಡ್ಡ ಹಾಸುಬಂಡೆಯಿದೆ, ಅಲ್ಲಿಗೇ ಹೊತ್ತು ಹಾಕಬೇಕು. ಬಿಸಿಲಿಗೆ ಬಂಡೆ ಕಾದು ಬಾಣಲೆಯಾಗಿರುತ್ತದೆ. ಅದರ ಮೇಲೆ ಹರವಿ, ತಿರುವಿಹಾಕಿ, ಗರಿಗರಿಯಾದ ಮೇಲೆ ಸುಟ್ಟು ಬೂದಿಯನ್ನು ಹೊಲಕ್ಕೆ ಹಾಕಿದೆವು. ಒಂದು ಹಸಿ ಬೇರು ದಾರಿಯಲ್ಲಿ ಬಿದ್ದಿದ್ದರೂ ಅತ್ತೆ ವಾಪಸ್ಸು ಹೋಗಿ ಎತ್ತಿಕೊಂಡು ಬರುತ್ತಿದ್ದರು.

ಒಂದು ಮೂಲೆ ಚೊಕ್ಕವಾಯಿತು. ನೀರು ಕಂಡಿತು. ಹಬ್ಬದ ಸಡಗರದಲ್ಲಿ ಸ್ವಲ್ಪ ದಿನ ಕೆರೆ ಕಡೆ ಹೋಗಲಿಲ್ಲ. ಹೋಗಿ ನೋಡಿದರೆ ಚೊಕ್ಕ ಮಾಡಿದ ಮೂಲೆ ಪೂರ್ತಿ ಎಳೆ ಹಸಿರು. ನಾನು ಏರಿ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದೆ, "ಮಳ್ಳೀ ವಚ್ಚಿಂದಾ ದೆಯ್ಯಂ!"

"ಏನಂಗಂದ್ರೆ?" ಎಂದರು ಅತ್ತೆ.

"ದೆವ್ವ ತಿರ್ಗಾ ಬಂತಾ ಅಂತ."

ಅತ್ತೆ ಅದನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿದರು, ನಾಲಿಗೆ ತಿರುಗಲಿಲ್ಲ. "ನಿಮ್ ಸೀಮೆ ಮಾತೇ ಸರಿ ಇದಕ್ಕೆ. ನಮ್ ಕನ್ನಡ್ದಲ್ಲಿ ಬೈದ್ರೆ ಅದಕ್ಕೆ ನಾಟಾಕಿಲ್ಲ" ಎಂದು ನಕ್ಕು ನೀರಿಗಿಳಿದರು. ಮತ್ತೆ ಹಗ್ಗ, ಮತ್ತೆ ಬಂಡೆ. ನಾವು ಎಳೆಯುವುದು, ಅದು ಬೆಳೆಯುವುದು. ಹಬ್ಬ ಮುಗಿದದ್ದೇ ಹೆಂಗಸರು ಒಬ್ಬೊಬ್ಬರೇ ಜಾರಿಕೊಂಡರು, ರವಿಕೆ ಸಿಕ್ಕಿತ್ತಲ್ಲ. ಅತ್ತೆ, ನಾನು, ಬಟ್ಟೆ ಒಗೆಯುವಾಕೆ, ಮೂವರು ಮಾತ್ರ ಉಳಿದೆವು. ಬಿಡುವುದೇ? ಬಿಡಲಿಲ್ಲ. ಎಷ್ಟು ಬೆಳೆಯುತ್ತೀಯೋ ಬೆಳೆ, ನನ್ನ ರಟ್ಟೆಯಲ್ಲಿ ಇನ್ನೂ ಬಲವಿದೆ ಎಂದು ನಾನು ಆ ಗಿಡದ ಜೊತೆಯೇ ಮಾತಿಗಿಳಿಯುತ್ತಿದ್ದೆ.

ಮುಂದಿನ ವರ್ಷ ಮಳೆ ಕೈಕೊಟ್ಟಿತು. ಕೆರೆ ಬತ್ತತೊಡಗಿತು. ಊರಿಗೆ ಊರೇ ಆಕಾಶ ನೋಡಿ ನಿಟ್ಟುಸಿರು ಬಿಡುತ್ತಿದ್ದಾಗ ಕೆರೆ ಬತ್ತುವುದನ್ನು ಕಂಡು ಖುಷಿಪಟ್ಟವರು ಅತ್ತೆ ಮತ್ತು ನಾನು. ಪಾವಗಡದವಳಿಗೆ ಬತ್ತಿದ ಕೆರೆಯಲ್ಲಿ ಕೆಲಸ ಮಾಡುವುದು ಹೇಳಿಕೊಡಬೇಕೇ? ನೀರು ಒಂದು ಗುಂಡಿಗೆ ಇಳಿದಿತ್ತು. ಗಿಡವೆಲ್ಲ ಕೆಸರಿನ ಮೇಲೆ ಮಲಗಿತ್ತು, ಓಡಿಹೋಗಲು ನೀರಿರಲಿಲ್ಲ. "ಈಗ ಸಿಕ್ದೆ ನೋಡು ನನ್ ಕೈಗೆ" ಎಂದರು ಅತ್ತೆ. ಬೆಳಿಗ್ಗೆ ಕಾಫಿಗೂ ಮುಂಚೆ ಹೋಗಿ ಗುದ್ದಲಿಯಲ್ಲಿ ಎಬ್ಬಿಸಿ ಬಂಡೆಗೆ ಹೊತ್ತೆವು. ಮೊದಲು ಜಾರಿಕೊಂಡಿದ್ದ ಹೆಂಗಸರು ಈ ಸಲ ರವಿಕೆಯ ಹೆದರಿಕೆಯಿಲ್ಲದೆಯೇ ಬಂದರು. ಕೆರೆಯ ಅಂಗಳ ಕಂಡಮೇಲೆ ಅವರಿಗೂ ನಂಬಿಕೆ ಬಂದಿತ್ತೋ ಏನೋ. ಅದರ ಮರುವರ್ಷ ಮಳೆ ಶುರುವಾದಾಗ ಕೆಸರಿನಲ್ಲಿ ಉದುರಿದ್ದ ಬೀಜ ಎದ್ದು ಬಂತು. ಪೈರಿನ ನಡುವಿನ ಕಳೆ ಕೀಳುವ ಹಾಗೆ ಬಗ್ಗಿ ಬಗ್ಗಿ ಕಿತ್ತೆವು.

ಆ ಮಳೆಗಾಲ ಕೆರೆ ತುಂಬಿತು. ದಡದಲ್ಲಿ ಅಲ್ಲೊಂದು ಇಲ್ಲೊಂದು ತಲೆ ಎತ್ತುತ್ತಿತ್ತು, ಕಂಡಕೂಡಲೇ ಕೀಳುತ್ತಿದ್ದೆವು. ಒಂದು ಬೆಳಿಗ್ಗೆ ಕೋಡಿಯ ಮೇಲೆ ನೀರು ಹರಿಯುವ ಸದ್ದು ಕೇಳಿ ಅತ್ತೆ ಸ್ನಾನ ಮಾಡಿ, ತಲೆ ಬಾಚಿ, ಗುಡಿಗೆ ಹೊರಟರು. ಹಿಂದೆ ನಾನು.

ಯಜಮಾನರು ಚೊಂಬನ್ನು ಮಡಿಲಲ್ಲಿಟ್ಟುಕೊಂಡೇ ಕುಳಿತಿದ್ದರು. "ಅದೇನೋ ಅವತ್ತು ತಮಾಸೆಗಂದೆ ಕಣಮ್ಮ. ಶಾಸ್ತ್ರದ ವಿಷ್ಯ ಇದು. ಕೈಗುಣ ಅಂಬೋದು ಒಂದಿರ್ತದೆ" ಎಂದರು.

ಊರು ಪೂರ್ತಿ ಸೇರಿತ್ತು, ಒಳ್ಳೆಯದೇ ಆಯಿತು. "ಯಜಮಾನ್ರೇ, ಆ ಹೂವಿನ ಫೋಟೋ ಹಾಕಿ ಗಂಗಮ್ಮನ ಕೃಪೆ ಅಂತ ಸ್ಟೇಟಸ್ ಇಟ್ಟಿದ್ದೋರು ಯಾರು? ಹೂ ಚೆಂದ ಇದ್ದಾಗ ಗಂಗಮ್ಮನ ಕೃಪೆ, ಕೊಳೆತಾಗ ನಮ್ಮತ್ತೆ ಕೈಗುಣಾನಾ? ಕೈಗುಣ ನೋಡ್ಬೇಕಾ, ಇಲ್ನೋಡಿ" ಎಂದು ಅತ್ತೆಯ ಎರಡೂ ಅಂಗೈ ಹಿಡಿದು ಅವರ ಮುಖದ ಮುಂದೆ ತೆರೆದೆ. ಹಗ್ಗ ಕೊಯ್ದು ಕೊಯ್ದು ಅಂಗೈ ಕಪ್ಪುಗಟ್ಟಿ ಒಡೆದುಹೋಗಿತ್ತು. "ಹೇಳಿ. ಈ ಕೈಯ ಗುಣ ಎಂಥದ್ದು?"

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು, ಸ್ಟೇಟಸ್ಸಿನ ಮಾತಿಗೆ. ತನ್ನ ಮಾವ ಯಜಮಾನರ ಮಡಿಲಿನಿಂದ ಚೊಂಬು ಎತ್ತಿಕೊಂಡು ಬಂದು ಅತ್ತೆಯ ಕೈಗೆ ಕೊಟ್ಟವಳು ದಾವಣಗೆರೆಯ ಸೊಸೆ. ಯಜಮಾನರು ಅವಳನ್ನು ದುರುಗುಟ್ಟಿ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು ಬಂದು ನಮ್ಮ ಜೊತೆ ನಿಂತಳು.

ಚೊಂಬು ಗುಡಿಯಲ್ಲಿ ಬಿದ್ದು ಬಿದ್ದು ಕಪ್ಪಾಗಿತ್ತು. ಅತ್ತೆ ಹಿತ್ತಲಲ್ಲಿ ಕುಳಿತು ಉಜ್ಜಿದರು. "ಹುಣಿಸೆ ಸಾಲ್ದು, ಇನ್ನಷ್ಟ್ ತಾರೇ" ಎಂದು ಕೂಗಿದರು. ಇಷ್ಟು ವರ್ಷದ ಸಂಸಾರದಲ್ಲಿ ಹುಣಿಸೆ ಸಾಲದು ಎಂದು ಆಕೆಯ ಬಾಯಿಂದ ಬಂದದ್ದು ಅದೊಂದೇ ಸಲ.

ಅಕ್ಕನ ಕೆರೆ ಹಾಗೇ ಇತ್ತು, ದಡದಿಂದ ದಡಕ್ಕೆ ನೇರಳೆ. ಅತ್ತೆ ಈ ಸಲ ಚೆಂದ ಎನ್ನಲಿಲ್ಲ. ಗಿಡಗಳನ್ನು ಕೈಯಿಂದ ಸರಿಸಿ, ಕಂಡ ಅಂಗೈಯಗಲ ನೀರಿನಲ್ಲಿ ಚೊಂಬು ಅದ್ದಿ ತುಂಬಿಕೊಂಡರು. ತವರಿನವರು ಹೂವು ತೆಗೆದುಕೊಡಲು ಬಂದರೆ ಬೇಡವೆಂದರು. "ನಿಮಗೂ ಹಗ್ಗ ಕೊಡ್ತೀನಿ, ಬಂದು ಈಸ್ಕೊಂಡೋಗಿ" ಎಂದಷ್ಟೇ ಹೇಳಿ ಆಟೋ ಹತ್ತಿದರು.

ನಮ್ಮ ಕೆರೆ ದಡದಲ್ಲಿ ತಮಟೆಯವರು ಕಾಯುತ್ತಿದ್ದರು. ಅತ್ತೆ ಚೊಂಬು ಹೊತ್ತು ಏರಿ ಇಳಿದು ನೀರಿನಂಚಿಗೆ ಬಂದು ನಿಂತರು. "ಹೂವೆಲ್ಲಮ್ಮ? ಬೇರು ಸಮೇತ ಹೂವಿರ್ಬೇಕಲ್ವಾ?" ಎಂದರು ಯಜಮಾನರು, ಸುಮ್ಮನಿರಲಾರದೆ. ಅತ್ತೆ ತಮ್ಮ ಸೆರಗನ್ನು ಎಡಗೈಯಲ್ಲಿ ಹರವಿ, "ಆ ಕಡೆ ಅಂಚು ಹಿಡ್ಕಳೇ" ಎಂದು ನನ್ನ ಕಡೆ ತಿರುಗಿದರು.

"ಅಕ್ಕನ ಊರೋರು ಬಿಟ್ರೆ ಬ್ಯಾರೆಯೋರು ಮುಟ್ಟಂಗಿಲ್ಲ" ಎಂದರು ಯಜಮಾನರು.

"ತಂದೋಳು ನಾನು. ಕಿತ್ತೋಳು ಇವ್ಳು. ಇನ್ನೇನಾದ್ರೂ ಹೇಳೋದೈತಾ?" ಎಂದರು ಅತ್ತೆ.

ನಾನು ಅಂಚು ಹಿಡಿದೆ. ಅತ್ತೆ ಚೊಂಬನ್ನು ಬಗ್ಗಿಸಿ ಅಕ್ಕನ ನೀರನ್ನು ಸೆರಗಿನ ಮೇಲೆ ಸುರಿದರು. ನೀರು ಬಟ್ಟೆಯಿಂದ ಸೋಸಿಕೊಂಡು ತಂಗಿಯ ಕೆರೆಗೆ ಬಿತ್ತು. ಬಟ್ಟೆಯ ಮೇಲೆ ಏನೋ ಉಳಿಯಿತು. ಕಿರುಬೆರಳ ಉಗುರಿನಷ್ಟು ಹಸಿರು, ಕೆಳಗೆ ಒಂದು ಎಳೆ ಬೇರು. ಎಲ್ಲರೂ ಬಗ್ಗಿ ನೋಡಿದರು. ಅತ್ತೆ ಅದನ್ನು ಎತ್ತಿ, ಎರಡು ಹೆಬ್ಬೆರಳ ಉಗುರಿನ ನಡುವೆ ಇಟ್ಟು, ಹೇನು ಕುಕ್ಕುವ ಹಾಗೆ ಕುಕ್ಕಿದರು.

"ಮಳ್ಳೀ ವಚ್ಚಿಂದಾ ದೆಯ್ಯಂ!" ಎಂದರು, ಆಚೆ ದಡಕ್ಕೂ ಕೇಳುವಂತೆ. ಒಂದಕ್ಷರವೂ ತಪ್ಪಿರಲಿಲ್ಲ. ತಮಟೆಯವರು ತಬ್ಬಿಬ್ಬಾಗಿ ಬಾರಿಸಲು ಮರೆತರು.

ಮರುದಿನ ಬೆಳಿಗ್ಗೆ ಎಂದಿನಂತೆ ಇಬ್ಬರೂ ಕೆರೆಗೆ ಹೋದೆವು, ತೂಬಿನ ಹತ್ತಿರ ಒಂದು ಸಸಿ ಎದ್ದಿತ್ತು, ಕಿತ್ತೆವು. ಹಬ್ಬದ ಸಾರಿಗೆ ಹುಣಿಸೆ ಸುರಿದು ಕೆಡಿಸಿಬಿಟ್ಟೆ ಎಂದು ಅತ್ತೆ ಹೋಗುತ್ತಲೂ ಬೈದರು, ಬರುತ್ತಲೂ ಬೈದರು.